ಕೈಗೆಲಸದ ಪುಟ: ಕಾರ್ಬುರೇಟರಿಗೊಂದು ಅಭ್ಯಂಜನ



ನಮ್ಮ ತಾರ್ನಾಕದ ಗಲ್ಲಿಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಮುಸುಕು ಹೊದ್ದು ನಿಂತಿರುವುದುಂಟು. ಮಾರಿದರೆ ಗುಜರಿಯ ಬೆಲೆ; ಇಟ್ಟುಕೊಂಡರೆ ಬೆಳಗಾದರೆ ನೂಕುವ ಪಾಡು. ನಮ್ಮ ಮನೆಯಲ್ಲಿಯೂ ತೀರಿಕೊಂಡ ತಂದೆಯವರ ಪದ್ಮಿನಿಯಿದೆ. ಅದನ್ನು ಗುಜರಿಗೆ ಕೊಡುವ ಮಾತೆತ್ತಿದಾಗ ನಮ್ಮ ತಾಯಿಯವರು ಬೇಡವೆನ್ನಲಿಲ್ಲ; ಅಂದು ರಾತ್ರಿ ಊಟ ಮಾತ್ರ ಮಾಡಲಿಲ್ಲ. ಬಿ.ಎ. ಓದಿದ ಗುಮಾಸ್ತನಿಗೆ ಯಂತ್ರದ ಉಸಾಬರಿ ಏಕೆಂದು ಕೇಳುವವರಿಗೆ ಇಷ್ಟೇ ಉತ್ತರ.

2000ದ ಹೊತ್ತಿಗೆ ಹೊಸ ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದುದರಿಂದ, ಇದರ ಮರ್ಮ ಬಲ್ಲ ಮೇಸ್ತ್ರಿಗಳು ಈಗ ವಿರಳ. ಮರ್ಮವಾದರೂ ದೊಡ್ಡದಲ್ಲ. ಕಿರಿದಾದ ಗಂಟಲಿನಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ತಗ್ಗಿ, ಹಿತ್ತಾಳೆಯ ಜೆಟ್ಟಿನ ಮೂಲಕ ಪೆಟ್ರೋಲು ಮೇಲೇರುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಮಹಡಿಯ ನೀರಿನ ತೊಟ್ಟಿಯಲ್ಲಿ ತೇಲುಗುಂಡು ನಲ್ಲಿಯನ್ನು ಮುಚ್ಚುವಂತೆ, ಇಲ್ಲಿಯೂ ಒಂದು ಫ್ಲೋಟು ಸೂಜಿಯನ್ನೊತ್ತಿ ಪೆಟ್ರೋಲನ್ನು ತಡೆಯುತ್ತದೆ.

ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರಷ್ಟೆ. ಎಥನಾಲಿಗೆ ತೇವವನ್ನು ಹೀರುವ ಗುಣವಿದೆ; ಹಳೆಯ ರಬ್ಬರಿಗೆ ಅದು ಒಗ್ಗದು. ವಾರಗಟ್ಟಲೆ ನಿಂತ ಗಾಡಿಯ ಜೆಟ್ಟುಗಳು ಕಟ್ಟಿಕೊಳ್ಳುವುದೂ ಉಂಟು.

ಕೆಲಸಕ್ಕೆ ಮೊದಲು ಇಂಜಿನ್ ತಣ್ಣಗಿರಲಿ, ಬ್ಯಾಟರಿಯ ತಂತಿ ಕಳಚಿರಲಿ. ಅಡಿಗೆಮನೆಯಿಂದ ದೂರವಾಗಿ, ಬಯಲಿನಲ್ಲಿ ಕುಳಿತುಕೊಳ್ಳಿ. ದೀಪ, ಬೀಡಿ ಹತ್ತಿರ ಸುಳಿಯಕೂಡದು. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಹಳೆಯ ಇಡ್ಲಿ ತಟ್ಟೆಯ ಕುಳಿಗಳಲ್ಲಿ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಇಟ್ಟರೆ, ಕಚೇರಿಯ ಕಡತಗಳಂತೆ ಒಂದೂ ಕಾಣೆಯಾಗದು. ಮಿಶ್ರಣದ ತಿರುಪನ್ನು ತೆಗೆಯುವ ಮೊದಲು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಬರೆದಿಡಿ. ಮರಳಿ ಕೂಡಿಸುವಾಗ ಅಷ್ಟೇ ಸುತ್ತು ಹೊರಕ್ಕೆ ತಿರುಗಿಸಬೇಕು.

ಜೆಟ್ಟುಗಳನ್ನು ಕ್ಲೀನರ್ ದ್ರವದಿಂದ ತೊಳೆದು ಗಾಳಿ ಹೊಡೆಯಿರಿ, ಕಣ್ಣಿಗೆ ಕನ್ನಡಕವಿರಲಿ. ತಂತಿ ತೂರಿಸುವುದು ಬೇಡವೇ ಬೇಡ. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ: ಒಳಗೆ ಪೆಟ್ರೋಲಿನ ಸದ್ದಾದರೆ ಅದು ತೂತಾಗಿದೆ. ಸೂಜಿಯ ಮೊನೆಯಲ್ಲಿ ಸವೆದ ಗೆರೆ ಕಂಡರೆ ಬದಲಿಸಿ. ವಾಷರು, ಗ್ಯಾಸ್ಕೆಟ್ಟುಗಳ ಕಿಟ್ಟನ್ನು ಸಿಕಂದರಾಬಾದಿನ ರಾಣಿಗಂಜಿನ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬಹುದು. ಎಥನಾಲಿಗೆ ತಡೆಯುವುದೇ ಎಂದು ಮರೆಯದೆ ಕೇಳಿ.

ಜೋಡಿಸಿದ ಮೇಲೆ ಪೆಟ್ರೋಲು ತುಂಬಿಸಿ, ಎಲ್ಲಿಯೂ ಜಿನುಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೀಲಿ ತಿರುಗಿಸಿ. ಜಿನುಗಿದರೆ ಹಟ ಬೇಡ, ಬಲ್ಲವರನ್ನು ಕರೆಯಿರಿ. ಭಾನುವಾರದ ಒಂದು ಬೆಳಗಿನ ಕೆಲಸವಿದು. ಮಕ್ಕಳನ್ನು ತುಸು ದೂರದಲ್ಲಿ ಕೂರಿಸಿ, ಸುತ್ತುಗಳ ಲೆಕ್ಕವನ್ನು ಅವರ ಕೈಯಲ್ಲೇ ಕನ್ನಡ ಅಂಕಿಗಳಲ್ಲಿ ಬರೆಸಿ. ಎರಡು ವಿದ್ಯೆ ಒಟ್ಟಿಗೇ ಬಂದಂತಾಯಿತು.