ಹೆಸರನ್ನು ನೋಡುವ ಕಾನೂನು
ಕೆನಡಾದ ಕಾನೂನು ಬಂದೂಕುಗಳನ್ನು ನಿರ್ಬಂಧರಹಿತ, ನಿರ್ಬಂಧಿತ, ನಿಷೇಧಿತ ಎಂದು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ಅರೆ-ಸ್ವಯಂಚಾಲಿತ ರೈಫಲ್‌ಗೆ ನಳಿಗೆಯ ಉದ್ದದ ಅಳತೆಗೋಲೂ ಇದೆ. ಆದರೆ ಹಲವು ಬಾರಿ ನಿರ್ಣಾಯಕವಾಗುವುದು ಪಟ್ಟಿಯಲ್ಲಿರುವ ಹೆಸರು ಮಾತ್ರ. 1989ರಲ್ಲಿ ಮಾಂಟ್ರಿಯಲ್‌ನಲ್ಲಿ 14 ಮಹಿಳೆಯರ ಹತ್ಯೆಗೆ ಬಳಕೆಯಾದ ರೂಗರ್ ಮಿನಿ-14 ರೈಫಲ್ 2020ರ ಮೇ ತಿಂಗಳವರೆಗೂ ನಿರ್ಬಂಧರಹಿತವಾಗಿಯೇ ಉಳಿದಿತ್ತು. ಆಗ ಹೊರಬಿದ್ದ ಆದೇಶವು ಸುಮಾರು 1500 ಮಾದರಿಗಳನ್ನು ನಿಷೇಧಿಸಿತು. ಅರೆ-ಸ್ವಯಂಚಾಲಿತವೇ ಆದ ಎಸ್‌ಕೆಎಸ್ ರೈಫಲನ್ನು ಮುಟ್ಟಲಿಲ್ಲ. ಹೀಗೆ ಪರವಾನಗಿಯೊಡನೆ ಕೊಂಡ ವಸ್ತು ಒಂದೇ ದಿನದಲ್ಲಿ ನಿಷಿದ್ಧವಾಯಿತು. ಅದರಷ್ಟೇ ಮಾರಕವಾದ ಇನ್ನೊಂದು ಅಂಗಡಿಯಲ್ಲಿಯೇ ಉಳಿಯಿತು. ಹತ್ಯೆಗಳನ್ನು ತಡೆಯುವ ಉದ್ದೇಶ ನಿಸ್ಸಂಶಯವಾಗಿ ಶ್ಲಾಘ್ಯ. ಆದರೆ ಆಯುಧದ ಮಾರಕಶಕ್ತಿಯನ್ನು ಅಳೆಯದೆ ಹೆಸರನ್ನಷ್ಟೇ ನೋಡುವ ಕಾನೂನು ಪ್ರಾಮಾಣಿಕನನ್ನು ಗೊಂದಲಕ್ಕೆ ದೂಡುತ್ತದೆ, ಕೊಲೆಗಾರನಿಗೆ ದಾರಿಯನ್ನು ತೆರೆದಿಡುತ್ತದೆ.