ಗುಜರಿಗೆ ತಳ್ಳುವ ಮುನ್ನ: ಎರೆಹೊಲದ ಹಳೆಯ ಟ್ರ್ಯಾಕ್ಟರಿನ ಪರವಾಗಿ

ಬೆಟ್ಟಸೀಮೆಯವರ ಈ ಪತ್ರಿಕೆಗೂ ಬಾದಾಮಿ, ಹುನಗುಂದದ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರಿಗೂ ಏನು ಸಂಬಂಧವೆಂದು ಕೆಲವು ಓದುಗರು ಹುಬ್ಬೇರಿಸಬಹುದು. ಆ ಸಂಬಂಧವನ್ನು ನದಿಯೇ ಕಟ್ಟಿಕೊಟ್ಟಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ನವಿಲುತೀರ್ಥದ ಅಣೆಕಟ್ಟಿಗೆ ತಡೆದು, ಬಾದಾಮಿಯ ಮರಳುಗಲ್ಲಿನ ಗುಡ್ಡಗಳನ್ನು ಬಳಸಿ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮೇಲೆ ಕಾಡು ಉಳಿಯಲೆಂದು ಹೋರಾಡುವ ನಾವು ಕೆಳಗಿನ ಹೊಲದ ಮಣ್ಣಿಗೆ ಏನಾಗುತ್ತಿದೆ ಎಂದು ಕೇಳದೆ ಹೋದರೆ ನಮ್ಮ ಪರಿಸರ ಕಾಳಜಿ ಘಟ್ಟದ ಅಂಚಿಗೇ ನಿಂತುಬಿಡುತ್ತದೆ.

ಈ ಬರಹಕ್ಕೆ ಕಾರಣವಾದ ಮಾತು ನಮ್ಮ ವಲಯದ್ದೇ. 'ಹಳೆಯ ಡೀಸೆಲ್ ಯಂತ್ರಗಳೆಲ್ಲ ಹೊಗೆ ಉಗುಳುವ ಪಿಡುಗುಗಳು. ಅವನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದೇ ಪರಿಸರಸ್ನೇಹಿ ದಾರಿ' ಎಂಬ ವಾದವನ್ನು ಈಗ ಮಾರಾಟಗಾರರಷ್ಟೇ ಅಲ್ಲ, ಹಸಿರು ಬ್ಯಾಡ್ಜು ತೊಟ್ಟವರೂ ಹೇಳತೊಡಗಿದ್ದಾರೆ. ಈ ವಾದ ಅಪ್ರಾಮಾಣಿಕವಾದುದು. ದುರಸ್ತಿ ಮಾಡಿದ ಹಳೆಯ ಸಣ್ಣ ಟ್ರ್ಯಾಕ್ಟರು ಎರೆಹೊಲದಲ್ಲಿ ಮಿತವಾಗಿ ದುಡಿಯುವುದು, ಸಾಲ ಮಾಡಿ ತಂದ ಹೊಸ ಭಾರೀ ಯಂತ್ರ ಅದೇ ಹೊಲದಲ್ಲಿ ಮನಬಂದಂತೆ ಓಡಾಡುವುದಕ್ಕಿಂತ ಮಣ್ಣಿಗೂ ಮನೆಗೂ ಕ್ಷೇಮಕರ.

ಮೊದಲು ಕಾನೂನಿನ ಹೆದರಿಕೆಯನ್ನು ನಿವಾರಿಸೋಣ. ಹತ್ತು ವರ್ಷ ದಾಟಿದ ಟ್ರ್ಯಾಕ್ಟರನ್ನು ಕಡ್ಡಾಯವಾಗಿ ಗುಜರಿಗೆ ಹಾಕಬೇಕೆಂಬ ಸುದ್ದಿ ಊರೂರಲ್ಲಿ ಹರಡಿತ್ತು. 2023ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವೇ ಅದು ಸುಳ್ಳೆಂದು ಸ್ಪಷ್ಟಪಡಿಸಿತು. ಕೃಷಿ ಟ್ರ್ಯಾಕ್ಟರಿನ ನೋಂದಣಿ ಆರಂಭದಲ್ಲಿ 15 ವರ್ಷಕ್ಕೆ. ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬಹುದು. ಇನ್ನು ಹೊಗೆಯ ವಿಚಾರ. 2023ರ ಜನವರಿಯಲ್ಲಿ ಜಾರಿಗೆ ಬಂದ ನಾಲ್ಕನೆಯ ಹಂತದ ಕಟ್ಟುನಿಟ್ಟಿನ ಮಿತಿ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ ಮಾತ್ರ ಅನ್ವಯವಾಯಿತು. ನಮ್ಮ ರೈತರು ಹೆಚ್ಚಾಗಿ ಕೊಳ್ಳುವುದು ಅದಕ್ಕಿಂತ ಕೆಳಗಿನದನ್ನು. ಹಾಗಿದ್ದ ಮೇಲೆ 'ಹೊಸದೆಂದರೆ ಶುದ್ಧ' ಎಂಬ ಘೋಷಣೆಯಲ್ಲಿ ಎಷ್ಟು ಪಾಲು ಪರಿಸರ, ಎಷ್ಟು ಪಾಲು ವ್ಯಾಪಾರ?

ಹಳೆಯ ಎಂಜಿನ್ ಹೆಚ್ಚು ಹೊಗೆ ಬಿಡುತ್ತದೆ ಎಂಬುದು ನಿಜ. ಆದರೆ ಒಂದು ಲೀಟರ್ ಡೀಸೆಲ್ ಉರಿದರೆ ಹೊಸದರಲ್ಲಾಗಲಿ ಹಳೆಯದರಲ್ಲಾಗಲಿ ಹೊಮ್ಮುವ ಇಂಗಾಲದ ಡೈಆಕ್ಸೈಡು ಸುಮಾರು 2.6 ಕಿಲೋಗ್ರಾಂ. ಆದ್ದರಿಂದ ಕೇಳಬೇಕಾದ ಪ್ರಶ್ನೆ ವರ್ಷಕ್ಕೆ ಎಷ್ಟು ಲೀಟರ್ ಉರಿಯಿತು ಎಂಬುದು. ಹೊಸ ಟ್ರ್ಯಾಕ್ಟರಿನ ಸಾಲದ ಕಂತು ಸುಮ್ಮನೆ ಕೂರಲು ಬಿಡುವುದಿಲ್ಲ. ಅದನ್ನು ತೀರಿಸಲು ಯಂತ್ರವನ್ನು ಹಗಲಿರುಳು ಬಾಡಿಗೆಗೆ ಓಡಿಸಬೇಕು. ಹೊಲದ ಕೆಲಸ ಮುಗಿದರೆ ಟ್ರೇಲರ್ ಕಟ್ಟಿ ಕಬ್ಬು, ಕಲ್ಲು, ಹೊಳೆಯ ಮರಳು ಹೇರಬೇಕು. ನದಿಯ ಮರಳು ಬರಿದಾಗುವುದಕ್ಕೂ ಬ್ಯಾಂಕಿನ ಕಂತಿಗೂ ನಂಟಿದೆಯೆಂದು ನಮ್ಮ ಪರಿಸರವಾದ ಇನ್ನೂ ಗಟ್ಟಿಯಾಗಿ ಹೇಳಿಲ್ಲ. ಸಾಲವಿಲ್ಲದ ಹಳೆಯ ಯಂತ್ರಕ್ಕೆ ಸುಮ್ಮನೆ ನಿಲ್ಲುವ ಸ್ವಾತಂತ್ರ್ಯವಿದೆ.

ಇದಕ್ಕಿಂತ ದೊಡ್ಡ ವಿಷಯ ಮಣ್ಣು. ಹುನಗುಂದ, ಇಳಕಲ್ ಸೀಮೆಯ ಎರೆಭೂಮಿಯ ಸ್ವಭಾವವನ್ನು ಬೆಟ್ಟದ ಕೆಂಪುಮಣ್ಣಿನವರು ತಿಳಿಯಬೇಕು. ಅದು ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೇಲಿನ ಮಣ್ಣು ಬಿರುಕಿನೊಳಗೆ ಉದುರಿ ಹೊಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 550ರಿಂದ 600 ಮಿಲಿಮೀಟರ್. ಹಿಂಗಾರಿ ಜೋಳವಾಗಲಿ ಕಡಲೆಯಾಗಲಿ ಬೆಳೆಯುವುದು ಬಿತ್ತಿದ ಮೇಲೆ ಬೀಳುವ ಮಳೆಯಿಂದಲ್ಲ, ಮಣ್ಣು ಮೊದಲೇ ಹಿಡಿದಿಟ್ಟ ತೇವದಿಂದ. ಆದ್ದರಿಂದಲೇ ಈ ಸೀಮೆಯ ಬೇಸಾಯದ ಮುಖ್ಯ ಸಲಕರಣೆ ನೇಗಿಲಲ್ಲ, ಕುಂಟೆ. ಮಳೆ ಬಿದ್ದಾಗಲೆಲ್ಲ ಕುಂಟೆ ಹೊಡೆದು, ಕೂರಿಗೆಯಲ್ಲಿ ಬಿತ್ತಿ, ಎಡೆಕುಂಟೆಯಿಂದ ಕಳೆ ತೆಗೆದು ಬಿರುಕು ಮುಚ್ಚುವುದು ಇಲ್ಲಿನ ವಿದ್ಯೆ. ಕರಿಕೆಯಂತಹ ಹಠಮಾರಿ ಕಳೆ ಹೆಚ್ಚಿದಾಗ, ಅದೂ ಹಲವು ವರ್ಷಕ್ಕೊಮ್ಮೆ, ನಾಲ್ಕಾರು ಜೋಡಿ ಎತ್ತು ಹೂಡಿದ ಭಾರೀ ನೇಗಿಲು ಇಳಿಯುತ್ತಿತ್ತು. ಆ ಕೆಲಸಕ್ಕೆ ತಕ್ಕ ಎತ್ತುಗಳೂ ಇದ್ದವು: 19ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠ ಸಂಸ್ಥಾನಗಳ ಅರಸರು ಎರೆಮಣ್ಣಿಗೆಂದೇ ಬೆಳೆಸಿದ ಕೃಷ್ಣಾ ಕಣಿವೆ ತಳಿ ಇಂದು ಅಳಿವಿನಂಚಿನಲ್ಲಿದೆ.

1933ರಲ್ಲಿ ವಿಜಾಪುರದಲ್ಲಿ ಆರಂಭವಾದ ಒಣಬೇಸಾಯ ಸಂಶೋಧನಾ ಕೇಂದ್ರದಿಂದ ಇಂದಿನ ಚೌಕುಮಡಿಯ ಪ್ರಚಾರದವರೆಗೆ ವಿಜ್ಞಾನಿಗಳು ಹೇಳುತ್ತ ಬಂದುದರ ತಿರುಳೂ ಇದೇ: ನೀರನ್ನು ಬಿದ್ದಲ್ಲೇ ಇಂಗಿಸಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಿ. ಹುನಗುಂದದ ಮಲ್ಲಣ್ಣ ನಾಗರಾಳರ ಮನೆತನ ಒಡ್ಡು ಮತ್ತು ಕಲ್ಲಿನ ಕೋಡಿಗಳಿಂದ ತಲೆಮಾರುಗಳ ಕಾಲ ಮಣ್ಣು ಕಾಯ್ದ ಬಗೆಯನ್ನು ನೋಡಲು ದೂರದ ರೈತರೂ ವಿದ್ಯಾರ್ಥಿಗಳೂ ಬಂದಿದ್ದಾರೆ.

ಈ ವ್ಯವಸ್ಥೆಯೊಳಗೆ ಭಾರೀ ಟ್ರ್ಯಾಕ್ಟರು ಪ್ರತಿ ವರ್ಷ ಪಲ್ಟಿ ನೇಗಿಲು ಹೂಡಿ ನುಗ್ಗಿದರೆ ಏನಾಗುತ್ತದೆ? ತೇವ ಹೊರಬಿದ್ದು ಆರುತ್ತದೆ. ರೋಟಾವೇಟರ್ ಮಣ್ಣನ್ನು ಹಿಟ್ಟು ಮಾಡುತ್ತದೆ. ಆ ಹಿಟ್ಟನ್ನು ಮೊದಲ ಬಿರುಮಳೆಯೇ ಹಳ್ಳಕ್ಕೆ ಒಯ್ಯುತ್ತದೆ. ಹಸಿಯಿರುವಾಗ ಚಕ್ರ ಹಾಯ್ದ ಕಡೆ ಕೆಳಪದರ ಗಟ್ಟಿಯಾಗಿ ಬೇರು ಇಳಿಯದು. ಎಲ್ಲಕ್ಕಿಂತ ಕೆಟ್ಟದ್ದು, ದೊಡ್ಡ ಯಂತ್ರಕ್ಕೆ ತಿರುಗಲು ಜಾಗ ಬೇಕು, ಉದ್ದನೆಯ ಸಾಲು ಬೇಕು. ಒಡ್ಡು ಅದಕ್ಕೆ ಅಡ್ಡಿ. ಅಜ್ಜ ಕಟ್ಟಿದ ಒಡ್ಡನ್ನು ಮೊಮ್ಮಗ ಟ್ರ್ಯಾಕ್ಟರಿನ ಅನುಕೂಲಕ್ಕೆ ಕೆಡಹುತ್ತಾನೆ.

ಹಾಗಾದರೆ ಯಾವ ಟ್ರ್ಯಾಕ್ಟರೂ ಬೇಡ, ಎತ್ತೇ ಸಾಕು ಎನ್ನೋಣವೇ? ನಮ್ಮಲ್ಲಿ ಕೆಲವರಿಗೆ ಇದು ಪ್ರಿಯವಾದ ಮಾತು, ಅದರಲ್ಲೂ ಎಂದೂ ಎತ್ತು ಕಟ್ಟದವರಿಗೆ. ಜೋಳದ ಕಣಿಕೆ ಕಡಿಮೆಯಾದ ಊರಿನಲ್ಲಿ ಎರಡು ಎತ್ತುಗಳ ಹೊಟ್ಟೆ ತುಂಬಿಸುವ ಹೊಣೆಯನ್ನು ಮೂರೆಕರೆಯ ವಿಧವೆಯೊಬ್ಬಳ ಮೇಲೆ ಹೊರಿಸಿ ನಾವು ವಿಚಾರಸಂಕಿರಣದಲ್ಲಿ ಚಪ್ಪಾಳೆ ತಟ್ಟುವುದು ನ್ಯಾಯವಲ್ಲ. ಹಿಂಗಾರಿಯ ಹದ ನಾಲ್ಕೈದು ದಿನ ಮಾತ್ರ ನಿಲ್ಲುತ್ತದೆ. ಆ ದಿನಗಳಲ್ಲಿ ಎತ್ತಿಲ್ಲದವರ ಹೊಲ ಬಿತ್ತನೆಯಾಗಬೇಕು. ಎತ್ತು ಉಳಿದಿರುವಲ್ಲಿ ಉಳಿಯಲಿ, ಎಡೆ ಹೊಡೆಯಲು ಅದಕ್ಕೆ ಸಾಟಿಯಿಲ್ಲ. ಇಲ್ಲದ ಕಡೆ ಸಣ್ಣ ಟ್ರ್ಯಾಕ್ಟರು ಬರಲಿ.

ಆ ಸಣ್ಣ ಟ್ರ್ಯಾಕ್ಟರು ಹೊಸದಾಗಿ ಹುಟ್ಟಬೇಕಿಲ್ಲ. ಬೇವಿನ ಮರದ ಕೆಳಗೆ, ಕಣದ ಮೂಲೆಯಲ್ಲಿ ತುಕ್ಕು ಹಿಡಿಯುತ್ತ ನಿಂತಿದೆ. ಬೆಂಗಳೂರು ಮೂಲದ ಎಚ್‌ಎಂಟಿ ಸಂಸ್ಥೆ ಝೆಕೊಸ್ಲೊವಾಕಿಯಾದ ಝೀಟರ್ ಕಂಪನಿಯ ಸಹಯೋಗದಲ್ಲಿ 1971ರಿಂದ ಪಿಂಜೋರಿನಲ್ಲಿ ತಯಾರಿಸಿದ 25 ಅಶ್ವಶಕ್ತಿಯ 2511 ಅಂಥದು. ಮಹೀಂದ್ರಾ ಬಿ-275, ಹಳೆಯ ಐಷರ್, ಟ್ಯಾಫೆ ತಯಾರಿಸಿದ ಮ್ಯಾಸಿ ಫರ್ಗುಸನ್ 1035 ಇವೂ ಅದೇ ಪೀಳಿಗೆಯವು. ಇವುಗಳಲ್ಲಿ ಗಣಕದ ಪೆಟ್ಟಿಗೆಯಿಲ್ಲ. ಪಾನಾ ಹಿಡಿಯಬಲ್ಲವನಿಗೆ ಒಳಗಿನದೆಲ್ಲ ಕಾಣುತ್ತದೆ. ಮಲೆನಾಡಿನ ನಾವು ನಾಲ್ಕು ದಶಕದ ಜೀಪುಗಳನ್ನು ಇಂದಿಗೂ ಘಾಟಿ ಹತ್ತಿಸುತ್ತಿಲ್ಲವೇ? ಆ ಬುದ್ಧಿ ನಮಗೆ ಸಹಜ, ಎರೆಸೀಮೆಯವರಿಗೆ ಹಿಂದುಳಿದಿರುವಿಕೆ ಎಂದರೆ ಹೇಗೆ?

ಆದರೆ ಬಣ್ಣ ಹೊಡೆದು, ಹೂಮಾಲೆ ಹಾಕಿ, ಜಾತ್ರೆಯಲ್ಲಿ ಹಿಂದುಮುಂದಾಗಿ ಓಡಿಸಿ ಶಿಳ್ಳೆ ಗಿಟ್ಟಿಸುವುದು ಪುನರುಜ್ಜೀವನವಲ್ಲ. ಯಂತ್ರ ಹೊಲಕ್ಕಿಳಿಯುವ ಮುನ್ನ ಡೀಸೆಲ್ ಪಂಪು ಮತ್ತು ನಾಜಲ್ ಪರೀಕ್ಷೆಯಾಗಿರಬೇಕು. ಕಪ್ಪು ಹೊಗೆಯ ಮುಕ್ಕಾಲು ಪಾಲು ಕಾರಣ ಅಲ್ಲೂ, ಕಟ್ಟಿಕೊಂಡ ಗಾಳಿ ಶೋಧಕದಲ್ಲೂ ಇರುತ್ತದೆ. ಆಯಿಲ್ ಸೀಲುಗಳು ಸೋರದಿರಬೇಕು. ಎರಡೂ ಬ್ರೇಕು ಸಮನಾಗಿ ಹಿಡಿಯಬೇಕು, ಹಿಂಬದಿಯ ತಿರುಗುವ ದಂಡಕ್ಕೆ ಮುಚ್ಚಳವಿರಬೇಕು. ಅದಿಲ್ಲದೆ ಸೀರೆಯ ಸೆರಗು, ಧೋತರದ ಅಂಚು ಸಿಕ್ಕಿ ಜೀವ ಹೋಗುತ್ತದೆ. ಹಳೆಯ ಯಂತ್ರದ ಮೇಲಿನ ಪ್ರೀತಿ ಇದನ್ನು ಮರೆಸಬಾರದು. ತೆಗೆದ ಸುಟ್ಟ ಎಣ್ಣೆಯನ್ನು ಹಳ್ಳಕ್ಕೆ ಸುರಿದವನು ಪರಿಸರದ ಮಾತಾಡಬಾರದು.

ಹೊಲದಲ್ಲೂ ಶಿಸ್ತು ಬೇಕು. ಹಿಡಿಮಣ್ಣು ಉಂಡೆ ಕಟ್ಟಿ ಅಂಟುವಾಗ ಇಳಿಯಕೂಡದು, ಹಿಂಡಿದರೆ ಪುಡಿಯಾಗುವ ಹದಕ್ಕೆ ಕಾಯಬೇಕು. ರಸ್ತೆಗೆಂದು ಕಟ್ಟಿದ ಹೆಚ್ಚುವರಿ ಕಬ್ಬಿಣದ ತೂಕ ಕಳಚಬೇಕು. ಕುಂಟೆ, ಕೂರಿಗೆ ಎರಡಕ್ಕೇ ಅದನ್ನು ಮೀಸಲಿಡಬೇಕು, ಒಡ್ಡಿಗೆ ಸಮಾನಾಂತರವಾಗಿಯೇ ಓಡಿಸಬೇಕು. ಆಳ ಉಳುಮೆ ಕರಿಕೆ ಹೆಚ್ಚಿದ ಹೊಲಕ್ಕೆ ಮಾತ್ರ, ಅದೂ ವರ್ಷಗಳ ಅಂತರದಲ್ಲಿ. 25 ಅಶ್ವಶಕ್ತಿಯ ಬಡ ಯಂತ್ರಕ್ಕೆ ಅತಿ ಆಳಕ್ಕೆ ಇಳಿಯುವ ತಾಕತ್ತೇ ಇಲ್ಲ ಎಂಬುದು ಅದರ ಗುಣ, ದೋಷವಲ್ಲ.

ಪ್ರಭುತ್ವದ ನೀತಿ ಮಾತ್ರ ಇದರ ತದ್ವಿರುದ್ಧ ದಿಕ್ಕಿಗಿದೆ. 2014-15ರಲ್ಲಿ ಶುರುವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಹೊಸ ಯಂತ್ರದ ಖರೀದಿಗೆ ಸಹಾಯಧನ ಕೊಡುತ್ತದೆ. ಹಳೆಯದರ ಪಂಪು ಸರಿಪಡಿಸಿದ ಬಡವನಿಗೆ ಏನಿದೆ? ಅದೇ ವರ್ಷ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಕಲ್ಪನೆ ಒಳ್ಳೆಯದು, ಅದನ್ನು ನಾವು ಬೆಂಬಲಿಸಬೇಕು. ಆದರೆ ಅಲ್ಲಿ ದುರಸ್ತಿಯ ಕಮ್ಮಟವೂ ಇರಬೇಕು. ಐಟಿಐಗಳಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಎಂಬ ಒಂದು ವರ್ಷದ ಕಲಿಕೆಯಿದೆ. ಅಲ್ಲಿಂದ ಹೊರಬಂದ ಹುಡುಗರು ಶೋರೂಮಿನ ಸಮವಸ್ತ್ರ ತೊಡುವುದೊಂದೇ ದಾರಿಯಾಗಬಾರದು.

2016ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿತು. ಕಾರ್ಖಾನೆ ಮುಚ್ಚಿದರೂ ಅದರ ಟ್ರ್ಯಾಕ್ಟರುಗಳು ಹೊಲಗಳಲ್ಲಿ ಉಳಿದವು. ಸಾರ್ವಜನಿಕರ ಹಣದಿಂದ ರೂಪುಗೊಂಡ ಆ ಯಂತ್ರಗಳ ಬಿಡಿಭಾಗದ ನಕ್ಷೆಗಳು, ದುರಸ್ತಿ ಕೈಪಿಡಿಗಳು ಸಾರ್ವಜನಿಕರ ಆಸ್ತಿಯಾಗಬೇಕು, ಕನ್ನಡದಲ್ಲಿ ಅಚ್ಚಾಗಬೇಕು. ಹೊರದೇಶಗಳಲ್ಲಿ ಈ ಹೋರಾಟ ಆಗಲೇ ನಡೆದಿದೆ: ಅಮೆರಿಕದ ಕೊಲೊರಾಡೊ ರಾಜ್ಯ ಕೃಷಿ ಯಂತ್ರಗಳನ್ನು ರೈತರೇ ದುರಸ್ತಿ ಮಾಡಿಕೊಳ್ಳುವ ಹಕ್ಕಿಗೆ 2023ರಲ್ಲಿ ಕಾನೂನು ಮಾಡಿತು. ನಮ್ಮ ಕೇಂದ್ರ ಸರ್ಕಾರವೂ 2022ರ ಜುಲೈಯಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದರ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವನ್ನೂ ಸೇರಿಸಿತ್ತು. ಆ ಸಮಿತಿಯ ಹೆಸರು ಹಿಡಿದು ಬಾಗಲಕೋಟೆಯ ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಗೆ ಮನವಿ ಬರೆಯುವುದು ಇಳಕಲ್, ಬಾದಾಮಿಯ ಕಾಲೇಜು ವಿದ್ಯಾರ್ಥಿಗಳಿಗೆ ಅಸಾಧ್ಯವೇನಲ್ಲ. ಮನವಿಯ ಜೊತೆ ತಮ್ಮ ತಮ್ಮ ಊರಿನಲ್ಲಿ ನಿಂತಿರುವ ಹಳೆಯ ಟ್ರ್ಯಾಕ್ಟರುಗಳ ಪಟ್ಟಿಯನ್ನು, ಯಾವುದಕ್ಕೆ ಯಾವ ಬಿಡಿಭಾಗ ಸಿಗುತ್ತಿಲ್ಲ ಎಂಬ ವಿವರದೊಡನೆ ಲಗತ್ತಿಸಲಿ. ಹಿಂಗಾರಿಯ ಕೂರಿಗೆ ಹೊರಬೀಳುವ ಮೊದಲೇ ಈ ಕೆಲಸ ಆಗಬೇಕು.