ಪ್ರಾರ್ಥನೆ ಮುಗಿದ ಮೇಲೆ ಒಂದು ಹನಿ ರಕ್ತ

‘ನೋಡಿದವರು ಏನಂದಾರು’ ಅನ್ನುವ ಭಯ ನಮ್ಮ ಬೀದಿಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದೀರಾ? ಅಮೆರಿಕದಲ್ಲಿ ನೆಲೆಸಿರುವ ಸ್ಪ್ಯಾನಿಷ್ ಮಾತಿನ ಹೆಂಗಸರೂ ಅದನ್ನೇ ‘ಕೆ ದಿರಾನ್’ ಅನ್ನುತ್ತಾರೆ. ಅರ್ಥ ಅದೇ, ‘ಏನಂದಾರು’ ಅಂತ. ಮೆಕ್ಸಿಕೋ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಮುಂತಾದ ಕಡೆಗಳಿಂದ ಬಂದ ಈ ಜನರನ್ನು ಅಲ್ಲಿ ಲ್ಯಾಟಿನೋ ಎಂದು ಕರೆಯುತ್ತಾರೆ. ಅಮೆರಿಕದ ಜನರಲ್ಲಿ ಇವರು ಸುಮಾರು ಐದರಲ್ಲಿ ಒಂದು ಪಾಲು. ಆದರೆ ಇತ್ತೀಚಿನ ವರ್ಷಗಳಲ್ಲಿ ಹೊಸದಾಗಿ ಎಚ್.ಐ.ವಿ. ತಗುಲಿದವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಇವರೇ.

ಈ ರೋಗದ ಮೊದಲ ವೈದ್ಯಕೀಯ ವರದಿ 1981ರ ಜೂನ್ 5ರಂದು ಬಂತು. ಅದು ಲಾಸ್ ಏಂಜಲೀಸ್‌ನ ಐವರು ರೋಗಿಗಳ ವಿಷಯ. ಆಗ ಔಷಧವಿರಲಿಲ್ಲ. ಈಗ ದಿನಕ್ಕೊಂದು ಮಾತ್ರೆ ತಪ್ಪದೆ ನುಂಗುವವರು ಬಹುಕಾಲ ಬಾಳುತ್ತಾರೆ. ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ಗಂಡಹೆಂಡಿರ ಸಂಬಂಧದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಆದರೆ ಮಾತ್ರೆ ಸಿಗಬೇಕಾದರೆ ರೋಗ ಇದೆ ಅಂತ ಮೊದಲು ಗೊತ್ತಾಗಬೇಕಲ್ಲ!

ತೊಡಕು ಇರುವುದೇ ಇಲ್ಲಿ. ಆಸ್ಪತ್ರೆಗೆ ಹೋದರೆ ಪರಿಚಯದವರು ಕಂಡಾರು. ಕಾಗದಪತ್ರ ಸರಿಯಿಲ್ಲದೆ ಬಂದವರಿಗೆ ಹೆಸರು ಬರೆಸುವುದೇ ಭಯ. ಇಂಗ್ಲಿಷ್ ಬಾರದು. ಇನ್ನು ಹೆಂಡತಿಯ ಪಾಡು ಕೇಳಿ: ‘ಪರೀಕ್ಷೆ ಮಾಡಿಸಿಕೊಳ್ರಿ’ ಅಂದರೆ ಗಂಡನ ಮೇಲೆ ಅನುಮಾನಪಟ್ಟ ಹಾಗೆ. ತಾನೇ ಮಾಡಿಸಿಕೊಂಡರೆ ತನ್ನ ಮೇಲೇ ಅನುಮಾನ. ಅಲ್ಲಿ ಈ ಸೋಂಕು ತಗುಲಿದ ಲ್ಯಾಟಿನೋ ಹೆಂಗಸರಲ್ಲಿ ಬಹುಪಾಲಿಗೆ ಅದು ಬಂದದ್ದು ಗಂಡಸಿನ ಸಂಬಂಧದಿಂದಲೇ. ಆದರೂ ಬಾಯಿ ಬಿಡುವಂತಿಲ್ಲ.

ಹೀಗಿರುವಾಗ ಪರೀಕ್ಷೆಯನ್ನು ಚರ್ಚಿಗೇ ಕೊಂಡೊಯ್ದರೆ ಹೇಗೆ ಅಂತ ಲಾಸ್ ಏಂಜಲೀಸ್ ಕಡೆ ಯೋಚಿಸಿದರು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು ಲ್ಯಾಟಿನೋ ಮತ್ತು ಕಪ್ಪು ಜನರ ಚರ್ಚುಗಳ ಜೊತೆ ಸೇರಿ ಪ್ರಯೋಗ ಮಾಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಕ್ತರಲ್ಲೇ ಕೆಲವರಿಗೆ ತರಬೇತಿ ಕೊಟ್ಟರು. ಪಾದ್ರಿಗಳು ಉಪದೇಶದಲ್ಲೇ ಈ ರೋಗದ ಹೆಸರೆತ್ತಿದರು. ನನಗೆ ಬಹಳ ಹಿಡಿಸಿದ್ದು ಅದರೊಳಗಿನ ಒಂದು ಉಪಾಯ. ‘ಸೋಂಕು ಇರುವ ಒಬ್ಬರ ಎದುರು ಕೂತು ಮಾತಾಡುತ್ತಿದ್ದೀರಿ ಅಂತ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಿ’ ಅನ್ನುವುದು. ರೋಗದ ಬಗ್ಗೆ ಭಾಷಣ ಸಾವಿರ ಕೇಳಬಹುದು, ಆದರೆ ಎದುರಿಗೆ ಒಂದು ಮುಖ ಬಂದು ಕೂತರೆ ಆ ಲೆಕ್ಕವೇ ಬೇರೆ, ಅಲ್ಲವೇ?

ಚರ್ಚಿನಲ್ಲೇ ಪರೀಕ್ಷೆಯ ಏರ್ಪಾಡೂ ಆಯಿತು. ಇಂಥ ಪರೀಕ್ಷೆ ದೊಡ್ಡದೇನಲ್ಲ. ಬೆರಳಿನಿಂದ ಒಂದು ಹನಿ ರಕ್ತ, ಇಲ್ಲವೇ ಒಸಡಿನ ಮೇಲೆ ಕಡ್ಡಿ ಸವರುವುದು. ಅರ್ಧ ಗಂಟೆಯೊಳಗೆ ಉತ್ತರ ಸಿಗುತ್ತದೆ, ಅದೂ ಅವರೊಬ್ಬರ ಕಿವಿಗೆ ಮಾತ್ರ. ಅಜ್ಜಿ, ಮೊಮ್ಮಗಳು, ಪಾದ್ರಿ ಎಲ್ಲಾ ಒಂದೇ ಸಾಲಿನಲ್ಲಿ ನಿಂತರೆ ಯಾರು ಯಾರನ್ನು ಬೆರಳು ಮಾಡಿ ತೋರಿಸುವುದು? (ಇನ್ನೊಂದು ಮಾತು: ಸೋಂಕು ತೀರಾ ಹೊಸದಾಗಿದ್ದರೆ ಈ ಪರೀಕ್ಷೆಗೆ ಸಿಗದು. ಮೂರು ತಿಂಗಳಾದ ಮೇಲೆ ಮತ್ತೆ ಮಾಡಿಸಬೇಕು.)

ಈ ಏರ್ಪಾಡು ನಡೆದ ಚರ್ಚುಗಳಲ್ಲಿ, ನಡೆಯದ ಚರ್ಚುಗಳಿಗಿಂತ ಬಹಳ ಹೆಚ್ಚು ಮಂದಿ ಪರೀಕ್ಷೆ ಮಾಡಿಸಿಕೊಂಡರು. ಲ್ಯಾಟಿನೋ ಚರ್ಚುಗಳಲ್ಲಿ ರೋಗಿಗಳನ್ನು ಕೀಳಾಗಿ ಕಾಣುವುದೂ ಕಡಿಮೆಯಾಯಿತು. ಕಪ್ಪು ಜನರ ಚರ್ಚಿನಲ್ಲಿ ಆ ಬದಲಾವಣೆ ಅಷ್ಟು ಕಾಣಲಿಲ್ಲ ಅನ್ನುವುದನ್ನೂ ಅವರು ಮುಚ್ಚಿಡಲಿಲ್ಲ. ಒಂದೇ ಮದ್ದು ಎಲ್ಲರಿಗೂ ಹಿಡಿಯಬೇಕು ಅಂತಿಲ್ಲವಲ್ಲ.

ಚರ್ಚನ್ನು ಬರಿದೇ ಹೊಗಳಲಾರೆ. ಇದು ಪಾಪದ ಫಲ ಅಂತ ಅಲ್ಲೇ ಎಷ್ಟೋ ಕಡೆ ಬೋಧಿಸಿದ್ದುಂಟು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಸೊಳ್ಳೆಯಿಂದ ಇದು ಹರಡದು ಅಂತ ಹೇಳುವುದು ಪಾದ್ರಿಗೆ ಸುಲಭ. ಕಷ್ಟ ಇರುವುದು ಇನ್ನೊಂದು ಕಡೆ. ಸೋಂಕು ತಗುಲುವ ಲ್ಯಾಟಿನೋಗಳಲ್ಲಿ ಹೆಚ್ಚಿನವರು ಗಂಡಸರ ಜೊತೆಗೇ ಸಂಬಂಧವಿರುವ ಗಂಡುಮಕ್ಕಳು. ಅವರ ವಿಷಯ ಬಂದಾಗ ಎಷ್ಟೋ ಪೀಠಗಳು ಈಗಲೂ ಮೌನ. ಆ ಹುಡುಗನ ತಾಯಿ ಭಾನುವಾರ ಅದೇ ಬೆಂಚಿನ ಮೇಲೆ ಕೂತಿರುತ್ತಾಳೆ. ಮಗ ಬಂದಿಲ್ಲ ಯಾಕೆ ಅಂತ ಪಕ್ಕದಾಕೆ ಕೇಳಿದರೆ, ‘ಕೆಲಸ ಇತ್ತು’ ಅಂದುಬಿಡುತ್ತಾಳೆ.